ಟಕ್ ಟಕ್ ಸದ್ದಿನ ಹಿಂದೆ ಎರಡೂವರೆ ತಿಂಗಳು

ನಿನ್ನೆ ಸಂಜೆ ಬೈಕ್ ಸದ್ದಿಲ್ಲದೆ ಸ್ಟಾರ್ಟ್ ಆಯಿತು. ಸದ್ದಿಲ್ಲದೆ ಅಂದರೆ ಇಂಜಿನ್ ಸದ್ದು ಇತ್ತು, ಆ ದರಿದ್ರ ಟಕ್ ಟಕ್ ಇರಲಿಲ್ಲ. ಉಗುರಿನ ಸಂದಿಯ ಗ್ರೀಸ್ ಇನ್ನೂ ಪೂರ್ತಿ ಹೋಗಿಲ್ಲ, ಮರೆಯೋ ಮುಂಚೆ ಬರೆದಿಡೋಣ ಅಂತ ಕೂತಿದ್ದೇನೆ. ಗಾಡಿಗೆ ಏನೇನೋ ಹಾಕಿ, ಆಮೇಲೆ ಎಲ್ಲಿಂದಲೋ ಸದ್ದು ಶುರುವಾಗಿ, ಕೇಳಿದವರೆಲ್ಲ ಒಬ್ಬೊಬ್ಬರು ಒಂದೊಂದು ಹೇಳಿ ತಲೆ ಕೆಟ್ಟು ಕೂತವರು ನನ್ನ ಹಾಗೆ ಇನ್ನೂ ಇರುತ್ತಾರಲ್ಲ, ಅವರಿಗೆ ನಾಲ್ಕು ದಿನ ಉಳಿದರೂ ಸಾಕು.

ಗಾಡಿ ಹಳೇದು. ಒಂದೇ ಸಿಲಿಂಡರ್, ಕಾರ್ಬುರೇಟರ್, ಸೆಲ್ಫ್ ಇಲ್ಲ, ಕಿಕ್ ಮಾತ್ರ. ಬೋರ್ (ಸಿಲಿಂಡರಿನ ಅಡ್ಡಳತೆ) 57 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 58 ಮಿ.ಮೀ., ಲೆಕ್ಕ ಹಾಕಿದರೆ 148 ಸಿಸಿ. ಅದಕ್ಕೆ 62 ಮಿ.ಮೀ. ಬೋರ್ ಕಿಟ್ ಹಾಕಿದೆ, 175 ಸಿಸಿ ಆಯಿತು. ಜೊತೆಗೆ ಫ್ರೀ ಫ್ಲೋ ಸೈಲೆನ್ಸರ್, ಕೋನ್ ಫಿಲ್ಟರ್, ಅದಕ್ಕೆ ತಕ್ಕ ಹಾಗೆ ದೊಡ್ಡ ಮೇನ್ ಜೆಟ್ (ಕಾರ್ಬುರೇಟರ್‌ನಲ್ಲಿ ಪೆಟ್ರೋಲ್ ಬಿಡುವ ತೂತು). ಕೊನೆಗೆ ಮುಂದೆ ಎರಡು ಲೈಟ್ ಜಾಸ್ತಿ ಬೇಕು ಅನಿಸಿತು, ಕರೆಂಟ್ ಸಾಲುವುದಿಲ್ಲ ಅಂತ ಮ್ಯಾಗ್ನೆಟ್ (ಇಂಜಿನ್ ಜೊತೆ ತಿರುಗಿ ಕರೆಂಟ್ ಹುಟ್ಟಿಸುವ ಭಾರದ ಚಕ್ರ) ಒಳಗಿನ ಕಾಯಿಲ್ ಬದಲಿಸಿದೆ. ಎಲ್ಲ ನಾನೇ ಮಾಡಿದ್ದು. ಒಂದು ನೋಟ್‌ಬುಕ್ ಇಟ್ಟಿದ್ದೆ, ಜೆಟ್ ನಂಬರ್, ಪ್ಲಗ್ ಬಣ್ಣ, ಆಯಿಲ್ ಹಾಕಿದ ದಿನ, ಎಲ್ಲ ಅದರಲ್ಲಿ ಇದೆ. ಕಾಯಿಲ್ ಬದಲಿಸಿದ್ದು ಮಾತ್ರ ಬರೆದಿರಲಿಲ್ಲ. ಅದು ಲೈಟ್ ಕೆಲಸ, ಇಂಜಿನ್ ಕೆಲಸ ಅಲ್ವಲ್ಲ ಅಂತ. ಈ ಸಾಲು ನೆನಪಿಟ್ಟುಕೊಳ್ಳಿ.

ಮೊದಲ ಎರಡು ವಾರ ಗಾಡಿ ಬೆಣ್ಣೆ. ಒಂದು ಬೆಳಿಗ್ಗೆ ಮಾತ್ರ ಅರೆಮನಸ್ಸಿನಿಂದ ಕಿಕ್ ಹೊಡೆದೆ, ಕಿಕ್ಕರ್ ವಾಪಸ್ ಬಂದು ಪಾದಕ್ಕೆ ಬಾರಿಸಿತು. ಕಂಪ್ರೆಷನ್ (ಪಿಸ್ಟನ್ ಒಳಗಿನ ಮಿಶ್ರಣವನ್ನು ಒತ್ತುವ ಪ್ರಮಾಣ) ಏರಿಸಿದ ಗಾಡಿಗೆ ಸೋಮಾರಿ ಕಿಕ್ ಕೊಟ್ಟರೆ ಹೀಗಾಗುತ್ತೆ. ಪಿಸ್ಟನ್ ಮೇಲೆ ತಲುಪೋ ಮುಂಚೆಯೇ ಕಿಡಿ ಬೀಳುತ್ತೆ, ಕ್ರ್ಯಾಂಕ್‌ಗೆ (ಪಿಸ್ಟನ್ ತಿರುಗಿಸುವ ಮುಖ್ಯ ಅಚ್ಚಿಗೆ) ದಾಟಿ ಹೋಗುವಷ್ಟು ವೇಗ ಇರಲ್ಲ, ಉರಿ ಅದನ್ನು ಹಿಂದಕ್ಕೆ ತಳ್ಳುತ್ತೆ. ಮೂರು ದಿನ ಕುಂಟಿದೆ. ಪಾದದ ನೋವು ನೆನಪಿತ್ತು, ಒಳಗೆ ಬೇರೆ ಯಾರಿಗೆ ಪೆಟ್ಟು ಬಿತ್ತು ಅಂತ ಯೋಚಿಸಲಿಲ್ಲ.

ಅದಾಗಿ ಒಂದು ವಾರಕ್ಕೆ ಸದ್ದು ಶುರು. ನಿಂತ ಗಾಡಿಯಲ್ಲಿ, ಆಕ್ಸಿಲರೇಟರ್ ಕೊಡದೆ ಇಂಜಿನ್ ಸ್ಲೋನಲ್ಲಿ ಓಡುವಾಗ, ಕೆಳಗಿನಿಂದ ಟಕ್... ಟಕ್ ಟಕ್... ಟಕ್. ಆಕ್ಸಿಲರೇಟರ್ ಸ್ವಲ್ಪ ತಿರುಗಿಸಿದರೆ ಕರಗಿ ಹೋಗುತ್ತಿತ್ತು. ಏರಿನಲ್ಲಿ ಟಾಪ್ ಗೇರ್‌ನಲ್ಲೇ ಎಳೆಸಿದರೆ ಇನ್ನೊಂದು ಥರ, ಡಬ್ಬಿಯಲ್ಲಿ ಗೋಲಿ ಹಾಕಿ ಅಲ್ಲಾಡಿಸಿದ ಹಾಗೆ ಟಿಣಿ ಟಿಣಿ. ನಾನು ಎರಡನ್ನೂ ಒಂದೇ ಕಾಯಿಲೆ ಅಂದುಕೊಂಡೆ. ಮೊದಲ ತಪ್ಪು ಅದೇ.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ, ಟ್ಯಾಪೆಟ್ (ವಾಲ್ವ್ ಒತ್ತುವ ಭಾಗ) ಸೆಟ್ ಮಾಡಿದೆ. ಇಂಜಿನ್ ಪೂರ್ತಿ ತಣ್ಣಗಿರುವಾಗ, ಮ್ಯಾನುಯಲ್‌ನಲ್ಲಿ ಹೇಳಿದ ಗ್ಯಾಪ್, ಫೀಲರ್ ಗೇಜ್ ಹಾಕಿ. ಸದ್ದು ಇದ್ದ ಹಾಗೇ ಇತ್ತು. ಆಮೇಲೆ ಜಾಣತನ ತೋರಿಸಲು ಹೋದೆ. ಸದ್ದನ್ನು ಫೋನ್‌ನಲ್ಲಿ ರೆಕಾರ್ಡ್ ಮಾಡಿ ಅಲೆಗಳನ್ನು ಎಣಿಸಿದೆ. ಸ್ಲೋ 1400 ಆರ್‌ಪಿಎಂ, ಅಂದರೆ ಕ್ರ್ಯಾಂಕ್ ಸೆಕೆಂಡಿಗೆ 23 ಸುತ್ತು. ಟಕ್ ಬರುತ್ತಿದ್ದದ್ದು ಬಿಟ್ಟು ಬಿಟ್ಟು, ಆದರೆ ಬಂದಾಗಲೆಲ್ಲ ಸೆಕೆಂಡಿಗೆ 12ರ ಲೆಕ್ಕದಲ್ಲಿ, ಹೆಚ್ಚು ಕಡಿಮೆ ಅರ್ಧ. ವಾಲ್ವ್ ತೆರೆಯುವ ಕ್ಯಾಮ್ ತಿರುಗುವುದು ಕ್ರ್ಯಾಂಕ್‌ನ ಅರ್ಧ ವೇಗಕ್ಕೆ ತಾನೇ? ಹಾಗಾದರೆ ಸದ್ದು ಮೇಲಿನದ್ದು, ಕ್ಯಾಮ್ ಅಥವಾ ಅದನ್ನು ತಿರುಗಿಸುವ ಟೈಮಿಂಗ್ ಚೈನ್ ಕಡೆಯದ್ದು ಅಂತ ತೀರ್ಮಾನ ಮಾಡಿದೆ. ತುಂಬಾ ಖುಷಿಯಾಗಿತ್ತು ಆವತ್ತು. ಫೋರ್ ಸ್ಟ್ರೋಕ್ ಇಂಜಿನ್‌ನಲ್ಲಿ ಉರಿಯೋದು ಕೂಡ ಎರಡು ಸುತ್ತಿಗೆ ಒಂದೇ ಸಲ, ಆ ಪೆಟ್ಟಿಗೆ ಅಲ್ಲಾಡುವ ಯಾವ ಭಾಗವಾದರೂ ಇದೇ ಲೆಕ್ಕದಲ್ಲಿ ಬಡಿಯಬಹುದು ಅಂತ ಹೊಳೆದದ್ದು ಎಷ್ಟೋ ದಿನ ಆದ ಮೇಲೆ.

ಹಾಗಾಗಿ ಆ ಚೈನ್ ಬಿಗಿ ಇಡುವ ಟೆನ್ಷನರ್ ತರಿಸಿದೆ. ಬರಲು ಒಂಬತ್ತು ದಿನ. ಹಾಕಿದೆ. ಟಕ್ ಟಕ್.

ನಡುವೆ ಒಂದು ಮಾತು. ಉದ್ದದ ಸ್ಕ್ರೂಡ್ರೈವರ್‌ನ ತುದಿ ಇಂಜಿನ್‌ಗೆ, ಹಿಡಿ ಕಿವಿ ಪಕ್ಕದ ಮೂಳೆಗೆ ಒತ್ತಿ ಕೇಳೋದು ಹಳೇ ವಿದ್ಯೆ, ಚೆನ್ನಾಗಿ ಕೆಲಸ ಮಾಡುತ್ತೆ. ಆದರೆ ಲೋಹದಲ್ಲಿ ಸದ್ದು ಎಲ್ಲೆಲ್ಲಿಗೋ ಓಡುತ್ತೆ. ಒಂದೇ ಜಾಗದಲ್ಲಿ ಕೇಳಿ ನಿರ್ಧಾರ ಮಾಡಬೇಡಿ, ಹತ್ತು ಕಡೆ ಇಟ್ಟು ಎಲ್ಲಿ ಜೋರು ಅಂತ ಹೋಲಿಸಿ. ಕ್ಲಚ್ ಲಿವರ್ ಹಿಡಿದು ಬಿಟ್ಟು ನೋಡಿ, ಸದ್ದು ಬದಲಾದರೆ ಕ್ಲಚ್ ಕಡೆ ಹೋಗಿ. ತಣ್ಣಗಿದ್ದಾಗ ಜೋರಾಗಿದ್ದು ಬಿಸಿಯಾದ ಮೇಲೆ ಕಡಿಮೆಯಾದರೆ ಪಿಸ್ಟನ್ ಸಿಲಿಂಡರ್ ಗೋಡೆಗೆ ಬಡಿಯುತ್ತಿರಬಹುದು. ಸೈಲೆನ್ಸರ್ ಹೆಡ್‌ಗೆ (ಸಿಲಿಂಡರ್ ಮೇಲಿನ ಮುಚ್ಚಳಕ್ಕೆ) ಸೇರುವ ಕಡೆ ಗ್ಯಾಸ್ ಸೋರಿದರೂ ಥೇಟ್ ಟ್ಯಾಪೆಟ್ ಹಾಗೇ ಕೇಳುತ್ತೆ, ಅಲ್ಲಿ ಕಪ್ಪು ಮಸಿ ಕಂಡರೆ ಗೊತ್ತಾಗುತ್ತೆ. ನನಗೆ ಜೋರಾಗಿ ಕೇಳಿದ್ದು ಎಡಗಡೆ ಮ್ಯಾಗ್ನೆಟ್ ಕವರ್ ಮೇಲೆ. ಅಲ್ಲಿ ತಿರುಗೋದು ಮ್ಯಾಗ್ನೆಟ್ ಒಂದೇ, ಅದರಲ್ಲಿ ಏನು ಕೆಡುತ್ತೆ, ತೆಳು ಕವರ್ ಆದ್ದರಿಂದ ಸದ್ದು ಜಾಸ್ತಿ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಆಮೇಲೆ ಪೆಟ್ರೋಲ್ ಸರದಿ. 91 ಆಕ್ಟೇನ್ ಬಿಟ್ಟು 95 ಹಾಕಿಸಿದೆ, ಆಕ್ಟೇನ್ ಜಾಸ್ತಿಯಾದಷ್ಟೂ ಪೆಟ್ರೋಲ್ ತಾನಾಗೇ ಹೊತ್ತಿಕೊಳ್ಳೋದು ಕಡಿಮೆ. ಏರಿನ ಟಿಣಿ ಟಿಣಿ ಅರ್ಧ ಕಡಿಮೆಯಾಯಿತು. ಸ್ಲೋನಲ್ಲಿ ಟಕ್ ಟಕ್ ಒಂದು ಚೂರೂ ಕದಲಲಿಲ್ಲ. ಆಗ ಮೊದಲ ಸಲ ಅನಿಸಿತು, ಇಲ್ಲಿ ಸದ್ದು ಎರಡು. ಒಂದು ಉರಿಯದ್ದು, ಇನ್ನೊಂದು ಕಬ್ಬಿಣದ್ದು.

ಉರಿಯ ಸದ್ದು ಅಂದರೆ ಇಷ್ಟೇ. ಪ್ಲಗ್ ಹತ್ತಿರ ಹೊತ್ತಿದ ಉರಿ ಹರಡುತ್ತಾ ಹೋಗಬೇಕು. ಅದು ತಲುಪುವ ಮೊದಲೇ ಮೂಲೆಯಲ್ಲಿ ಉಳಿದ ಮಿಶ್ರಣ ಬಿಸಿ ಮತ್ತು ಒತ್ತಡಕ್ಕೆ ತಾನೇ ಹೊತ್ತಿಕೊಂಡರೆ ಟಿಣಿ ಟಿಣಿ. ಕಂಪ್ರೆಷನ್ ಜಾಸ್ತಿ, ಪೆಟ್ರೋಲ್ ಕಡಿಮೆ ಗಾಳಿ ಜಾಸ್ತಿ, ಕಿಡಿ ಬೇಗ ಬೀಳೋದು, ಇಂಜಿನ್ ಕಾದಿರೋದು, ಇದರಲ್ಲಿ ಯಾವುದಾದರೂ ಕಾರಣ ಇರಬಹುದು. ಪ್ಲಗ್ ಬಿಚ್ಚಿ ಭೂತಗನ್ನಡಿಯಲ್ಲಿ ನೋಡಿದೆ. ಬಿಳಿ ಪಿಂಗಾಣಿ ಮೇಲೆ ಮೆಣಸಿನ ಪುಡಿ ಚಿಮುಕಿಸಿದ ಹಾಗೆ ಸಣ್ಣ ಚುಕ್ಕಿಗಳು, ನಡುವೆ ಎರಡು ಮೂರು ಹೊಳೆಯುವ ಕಣ. ಹೊಳೆಯೋದು ಅಲ್ಯುಮಿನಿಯಂ, ಅಂದರೆ ಪಿಸ್ಟನ್‌ನದ್ದು. ಹೊಟ್ಟೆಯಲ್ಲಿ ಏನೋ ಆಯಿತು. ಹೊಸ ಪಿಸ್ಟನ್ ಅದು. ನಿಮಗೂ ಇದು ಕಂಡರೆ ಅವತ್ತೇ ಗಾಡಿ ನಿಲ್ಲಿಸಿ, ನನ್ನ ಹಾಗೆ ಇನ್ನೊಂದು ವಾರ ಓಡಿಸಬೇಡಿ.

ಜೆಟ್ ಎರಡು ಸಲ ದೊಡ್ಡದು ಮಾಡಿದೆ. ಹೊಗೆ ಕಪ್ಪಾಯಿತು, ಮೈಲೇಜ್ ಬಿತ್ತು, ಟಿಣಿ ಟಿಣಿ ಇತ್ತು. ವಾಪಸ್ ಹಳೇ ಜೆಟ್.

ಇನ್ನು ಟೈಮಿಂಗ್, ಅಂದರೆ ಕಿಡಿ ಯಾವಾಗ ಬೀಳುತ್ತೆ ಅನ್ನೋದು. ಗೆಳೆಯನೊಬ್ಬನ ಹತ್ತಿರ ಸ್ಟ್ರೋಬ್ ಲೈಟ್ ಇತ್ತು. ಕಿಡಿ ಬೀಳುವ ಕ್ಷಣಕ್ಕೆ ಸರಿಯಾಗಿ ಮಿಂಚುವ ಲೈಟ್ ಅದು, ತಿರುಗುವ ಮ್ಯಾಗ್ನೆಟ್ ನಿಂತ ಹಾಗೆ ಕಾಣುತ್ತೆ. ಮ್ಯಾಗ್ನೆಟ್ ಮೇಲಿನ ಎಫ್ ಗುರುತು (ಸ್ಲೋನಲ್ಲಿ ಕಿಡಿ ಬೀಳಬೇಕಾದ ಜಾಗ) ಕೇಸ್ ಮೇಲಿನ ಕಚ್ಚಿಗೆ ಸರಿಯಾಗಿ ಬಂದು ನಿಂತಿತು. ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ. ಆಕ್ಸಿಲರೇಟರ್ ಕೊಟ್ಟರೆ ಅಡ್ವಾನ್ಸ್ (ವೇಗ ಏರಿದಾಗ ಕಿಡಿ ಬೇಗ ಬೀಳೋದು) ಗೆರೆಗಳ ನಡುವೆ ಚೆಂದವಾಗಿ ಸರಿಯಿತು. ನೋಟ್‌ಬುಕ್‌ನಲ್ಲಿ "ಟೈಮಿಂಗ್ ಪಕ್ಕಾ" ಅಂತ ಬರೆದು ಅಡಿಗೆರೆ ಎಳೆದೆ. ಇಡೀ ಕಥೆಯಲ್ಲಿ ನನಗೆ ಅತಿ ದುಬಾರಿಯಾದ ಸಾಲು ಅದು.

ಉಳಿದದ್ದು ಕಂಪ್ರೆಷನ್. ಹೆಡ್ ಹಾಗೇ ಇಟ್ಟು ಬೋರ್ ದೊಡ್ಡದು ಮಾಡಿದರೆ ಕಂಪ್ರೆಷನ್ ತಾನಾಗೇ ಏರುತ್ತೆ, ಕಿಟ್ ಹಾಕುವ ಸುಮಾರು ಜನ ಇದನ್ನು ಲೆಕ್ಕಕ್ಕೆ ತಗೊಳ್ಳಲ್ಲ. ಪಿಸ್ಟನ್ ಪೂರ್ತಿ ಮೇಲಿಟ್ಟು, ಗಾಡಿ ವಾಲಿಸಿ ಪ್ಲಗ್ ತೂತು ನೆಟ್ಟಗೆ ಮೇಲೆ ಬರುವ ಹಾಗೆ ಮಾಡಿ, ಸಿರಿಂಜ್‌ನಿಂದ ತೆಳು ಎಣ್ಣೆ ತುಂಬಿದೆ. ಪ್ಲಗ್ ಥ್ರೆಡ್ ಭಾಗ ಕಳೆದು 18.4 ಸಿಸಿ ಹಿಡಿಯಿತು. 175.1ಕ್ಕೆ 18.4 ಕೂಡಿಸಿ 18.4ರಿಂದ ಭಾಗಿಸಿದರೆ 10.5. ಮೊದಲು 9.5 ಇತ್ತು. ಜಾಸ್ತಿಯೇ, ಆದರೆ 95 ಆಕ್ಟೇನ್‌ಗೆ ಇಷ್ಟೊಂದು ರಂಪ ಆಗುವಷ್ಟಲ್ಲ. ಆದರೂ ದಪ್ಪ ಗ್ಯಾಸ್ಕೆಟ್ ಹಾಕಿ ಇಳಿಸೋಣ ಅಂತ ಹೆಡ್ ಬಿಚ್ಚಿದೆ.

ಪಿಸ್ಟನ್ ಮೇಲ್ಭಾಗದ ಅಂಚಿನಲ್ಲಿ ಒಂದು ಕಡೆ ಮರಳು ಕಾಗದ ಉಜ್ಜಿದ ಹಾಗೆ ಒರಟಾಗಿತ್ತು, ಬೆರಳಿಗೆ ತಿಳಿಯುವಷ್ಟು. ಬಾಣದ ಗುರುತು ಸೈಲೆನ್ಸರ್ ಕಡೆಗೇ ಇತ್ತು, ಅಂದರೆ ಪಿಸ್ಟನ್ ತಿರುವುಮುರುವು ಹಾಕಿಲ್ಲ. ಸಿಲಿಂಡರ್ ಎತ್ತಿ ಕನೆಕ್ಟಿಂಗ್ ರಾಡ್ (ಪಿಸ್ಟನ್ ಮತ್ತು ಕ್ರ್ಯಾಂಕ್ ಸೇರಿಸುವ ಕೋಲು) ಹಿಡಿದು ಮೇಲೆ ಕೆಳಗೆ ಎಳೆದೆ. ಆಟ, ಅಂದರೆ ಸಡಿಲು, ಇಲ್ಲ. ಅಕ್ಕಪಕ್ಕ ಸ್ವಲ್ಪ ಸರಿಯುತ್ತೆ, ಅದು ಇರಬೇಕಾದದ್ದೇ, ಅದನ್ನು ನೋಡಿ ಗಾಬರಿಯಾಗಬೇಡಿ. ಆಯಿಲ್ ಇಳಿಸಿ ಬಿಳಿ ಬಟ್ಟೆಯಲ್ಲಿ ಸೋಸಿದೆ, ಚೂರುಗಳಿಲ್ಲ. ಹೆಡ್ ವಾಪಸ್ ಕೂರಿಸುವಾಗ ಮ್ಯಾಗ್ನೆಟ್ ಮೇಲಿನ ಟಿ ಗುರುತನ್ನು (ಪಿಸ್ಟನ್ ಪೂರ್ತಿ ಮೇಲಿದೆ ಅಂತ ತೋರಿಸುವುದು) ಕಚ್ಚಿಗೆ ತಂದು ಕ್ಯಾಮ್ ಗುರುತು ಹೊಂದಿಸಬೇಕಲ್ಲ, ಅದು ಸ್ವಲ್ಪ ವಾರೆ ಕಂಡಿತು. ಒಂದು ಹಲ್ಲಿನ ಕಾಲು ಭಾಗದಷ್ಟು. ಒಂದು ಹಲ್ಲು ಸರಿಸಿದರೆ ಇನ್ನೂ ಜಾಸ್ತಿ ವಾರೆ. ಚೈನ್ ಹಿಗ್ಗಿರಬೇಕು ಬಿಡು ಅಂತ ಮುಚ್ಚಿದೆ. ಉತ್ತರ ಕಣ್ಣ ಮುಂದೆ ಇತ್ತು, ನಾನೇ ಅದರ ಮೇಲೆ ಕವರ್ ಹಾಕಿ ಬೋಲ್ಟ್ ಬಿಗಿ ಮಾಡಿದೆ.

ದಪ್ಪ ಗ್ಯಾಸ್ಕೆಟ್ ಹಾಕಿದ ಮೇಲೂ ಎರಡೂ ಸದ್ದು ಇದ್ದವು. ಕೈಚೆಲ್ಲಿ ಒಂದು ಗ್ಯಾರೇಜ್‌ಗೆ ಕೊಟ್ಟೆ. ಎಂಟು ದಿನ ಇಟ್ಟುಕೊಂಡು ಹೇಳಿದ್ದು, ಬಿಗ್ ಎಂಡ್ (ಕನೆಕ್ಟಿಂಗ್ ರಾಡ್ ಕ್ರ್ಯಾಂಕ್‌ಗೆ ಸೇರುವ ಕಡೆಯ ಬೇರಿಂಗ್) ಹೋಗಿದೆ, ಇಂಜಿನ್ ಪೂರ್ತಿ ಇಳಿಸಿ ಕ್ರ್ಯಾಂಕ್ ಬದಲಿಸಬೇಕು. ಎಳೆದು ನೋಡಿದ್ದೇನೆ, ಆಟ ಇಲ್ಲ ಅಂದೆ. ಕೈಗೆ ಗೊತ್ತಾಗಲ್ಲ, ಓಡುವಾಗ ಗೊತ್ತಾಗುತ್ತೆ ಅಂದರು. ಎಸ್ಟಿಮೇಟ್ ಚೀಟಿ ನೋಡಿದರೆ ಬೋರ್ ಕಿಟ್‌ನ ಎರಡೂವರೆ ಪಟ್ಟು. ಕ್ರ್ಯಾಂಕ್ ಬರಲು ಒಂದು ತಿಂಗಳು. ಆ ರಾತ್ರಿ ಗಾಡಿ ಮಾರಿಬಿಡೋಣ ಅನ್ನುವ ತನಕ ಹೋಗಿದ್ದೆ. ಕ್ರ್ಯಾಂಕ್‌ಗೆ ಅಡ್ವಾನ್ಸ್ ಕೊಡದೇ ಇದ್ದದ್ದು ಬುದ್ಧಿವಂತಿಕೆಯಿಂದ ಅಲ್ಲ, ಕೈಯಲ್ಲಿ ಇರಲಿಲ್ಲ ಅಷ್ಟೇ.

ಇಷ್ಟು ಹೊತ್ತಿಗೆ ಗೆಳೆಯ ತನಗೆ ಗೊತ್ತಿದ್ದ ಹಿರಿಯ ಮೆಕ್ಯಾನಿಕ್ ಒಬ್ಬರ ಹತ್ತಿರ ಕರೆದುಕೊಂಡು ಹೋದ. ಕೆಲಸ ಬಿಟ್ಟು ವರ್ಷಗಳಾಗಿವೆ. ನಾನು ನೋಟ್‌ಬುಕ್ ತೆಗೆದು ಓದಲು ಶುರು ಮಾಡಿದೆ, ಜೆಟ್ ಇಷ್ಟು, ಪ್ಲಗ್ ಇಂಥದ್ದು, ಕಂಪ್ರೆಷನ್ 10.5...

"ಅದೆಲ್ಲ ಇರಲಿ ತಮ್ಮಾ. ಯಾವ್ಯಾವ ನಟ್ ಬಿಚ್ಚಿದೀಯ ಹೇಳು."

ಹೇಳುತ್ತಾ ಹೋದೆ. ಕೊನೆಗೆ ಕಾಯಿಲ್ ವಿಷಯ ಬಂತು.

"ಮ್ಯಾಗ್ನೆಟ್ ಎಳೆದಿದ್ಯಾ? ವಾಪಸ್ ಎಷ್ಟು ಟೈಟ್ ಮಾಡಿದೆ?"

"ಸರಿಯಾಗೇ ಮಾಡಿದ್ದೆ ಸಾರ್, ಕೈಲಿ ಆದಷ್ಟು."

ಅವರು ನಗಲಿಲ್ಲ, ಬೈಯಲೂ ಇಲ್ಲ. ಕವರ್ ಬಿಚ್ಚು ಅಂದರು. ಬಿಚ್ಚಿದೆ. ಗಾಡಿ ಗೇರ್‌ಗೆ ಹಾಕಿಸಿ, ಹಿಂದಿನ ಬ್ರೇಕ್ ಒತ್ತಿಸಿ, ಎರಡೂ ಅಂಗೈಯಲ್ಲಿ ಮ್ಯಾಗ್ನೆಟ್ ಹಿಡಿದು ಆ ಕಡೆ ಈ ಕಡೆ ಝಾಡಿಸಿದರು. ಕಟ್. ಇನ್ನೊಮ್ಮೆ. ಕಟ್. ಎರಡೂವರೆ ತಿಂಗಳು ನನ್ನ ನಿದ್ದೆ ತಿಂದ ಸದ್ದು ಅವರ ಅಂಗೈಯಲ್ಲಿ ಇತ್ತು.

ಆದರೆ ಟೈಮಿಂಗ್ ಸ್ಟ್ರೋಬ್ ಹಾಕಿ ನೋಡಿದ್ದೇನಲ್ಲ ಅಂತ ನಾನು. ಅದಕ್ಕೆ ಅವರು ಒಂದೇ ಮಾತು ಕೇಳಿದರು, ಎಫ್ ಗುರುತು ಯಾವುದರ ಮೇಲಿದೆ? ಮ್ಯಾಗ್ನೆಟ್ ಮೇಲೆ. ಕಿಡಿ ಬೀಳು ಅಂತ ಪಿಕಪ್‌ಗೆ (ಪಕ್ಕದ ಸಣ್ಣ ಸೆನ್ಸರ್‌ಗೆ) ಹೇಳುವ ಉಬ್ಬು ಯಾವುದರ ಮೇಲಿದೆ? ಅದೂ ಮ್ಯಾಗ್ನೆಟ್ ಮೇಲೆ. ಮ್ಯಾಗ್ನೆಟ್ಟೇ ಕ್ರ್ಯಾಂಕ್ ಮೇಲೆ ಜಾರಿದರೆ ಎರಡೂ ಒಟ್ಟಿಗೆ ಜಾರುತ್ತವೆ. ಸ್ಟ್ರೋಬ್‌ಗೆ ಎಲ್ಲ ಸರಿಯಾಗೇ ಕಾಣುತ್ತೆ. ಪಿಸ್ಟನ್ ಎಲ್ಲಿದೆ ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು?

ಇದನ್ನು ಪರೀಕ್ಷೆ ಮಾಡುವ ರೀತಿ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಮನೆಯಲ್ಲೇ ಮಾಡಬಹುದು. ಹಳೇ ಪ್ಲಗ್‌ನ ಪಿಂಗಾಣಿ ಒಡೆದು ತೆಗೆದು, ಖಾಲಿ ಚಿಪ್ಪಿಗೆ ತುದಿ ಉರುಟಾದ ಬೋಲ್ಟ್ ಕೂರಿಸಿ, ಅದನ್ನು ಪ್ಲಗ್ ತೂತಿಗೆ ಹಾಕಿ. ಪಿಸ್ಟನ್ ಪೂರ್ತಿ ಮೇಲೆ ಬರಲು ಅದು ಬಿಡಬಾರದು. ಕಂಪ್ರೆಷನ್ ಸ್ಟ್ರೋಕ್‌ನಲ್ಲೇ ಮಾಡಿ, ಎರಡು ಟ್ಯಾಪೆಟ್ಟೂ ಸಡಿಲ ಇರಬೇಕು, ಇಲ್ಲದಿದ್ದರೆ ವಾಲ್ವ್‌ಗೆ ತಾಗಬಹುದು. ಟಾಪ್ ಗೇರ್ ಹಾಕಿ ಹಿಂದಿನ ಚಕ್ರ ಕೈಯಲ್ಲಿ ನಿಧಾನಕ್ಕೆ ತಿರುಗಿಸಿ. ಕಿಕ್ ಹೊಡೆಯಲೇ ಬೇಡಿ. ಪಿಸ್ಟನ್ ಬೋಲ್ಟ್‌ಗೆ ತಾಗಿ ನಿಂತಾಗ ಕಚ್ಚಿನ ಎದುರು ಮ್ಯಾಗ್ನೆಟ್ ಮೇಲೆ ಒಂದು ಗೆರೆ ಹಾಕಿ. ಚಕ್ರ ಹಿಂದಕ್ಕೆ ತಿರುಗಿಸಿ, ಆ ಕಡೆಯಿಂದ ತಾಗಿದಾಗ ಇನ್ನೊಂದು ಗೆರೆ. ಎರಡರ ನಟ್ಟ ನಡುವೆ ಬರೋದು ಪಿಸ್ಟನ್ ನಿಜವಾಗಿ ಮೇಲಿರುವ ಜಾಗ. ಟಿ ಗುರುತು ಅಲ್ಲೇ ಇರಬೇಕು.

ನನ್ನದು 6 ಮಿ.ಮೀ. ಆಚೆ ಇತ್ತು. ಮ್ಯಾಗ್ನೆಟ್‌ನ ಅಡ್ಡಳತೆ 110 ಮಿ.ಮೀ., ಸುತ್ತಳತೆ 345ರ ಆಸುಪಾಸು, ಅಂದರೆ ಡಿಗ್ರಿಗೆ ಹತ್ತಿರ ಹತ್ತಿರ ಒಂದು ಮಿ.ಮೀ. ಕಿಡಿ 6 ಡಿಗ್ರಿ ಬೇಗ ಬೀಳುತ್ತಿತ್ತು. ಏರಿಸಿದ ಕಂಪ್ರೆಷನ್ ಮೇಲೆ 6 ಡಿಗ್ರಿ. ಟಿಣಿ ಟಿಣಿ ಬರದೆ ಇನ್ನೇನು.

ನಟ್‌ಗೆ ಸ್ಪ್ಯಾನರ್ ಹಾಕಿದರೆ ಹೆಚ್ಚು ಬಲ ಕೇಳದೆ ಬಿಚ್ಚಿಕೊಂಡಿತು. ಪುಲ್ಲರ್ ಹಾಕಿ ಎಳೆದೆವು. ಕ್ರ್ಯಾಂಕ್ ತುದಿಗೆ ಸುತ್ತಿಗೆಯಿಂದ ಹೊಡೆದು ಬಿಡಿಸುವವರನ್ನು ನೋಡಿದ್ದೇನೆ, ದಯವಿಟ್ಟು ಬೇಡ, ಒಳಗೆ ಪ್ರೆಸ್ ಮಾಡಿ ಕೂರಿಸಿದ ಕ್ರ್ಯಾಂಕ್ ವಾರೆಯಾಗುತ್ತೆ. ಮ್ಯಾಗ್ನೆಟ್ ಮತ್ತು ಕ್ರ್ಯಾಂಕ್ ನಡುವೆ ಅರ್ಧಚಂದ್ರದ ಆಕಾರದ ಸಣ್ಣ ಕೀ ಇರುತ್ತೆ, ವುಡ್‌ರಫ್ ಕೀ. ಅದನ್ನು ತೆಗೆದು ಅವರು ನನ್ನ ಅಂಗೈ ಮೇಲೆ ಇಟ್ಟರು. ಹುಣಸೆ ಬೀಜಕ್ಕಿಂತ ದೊಡ್ಡದಲ್ಲ. ಮೇಲಿನ ಅರ್ಧ ಒಂದು ಪಕ್ಕಕ್ಕೆ ಸರಿದು ಮೆಟ್ಟಿಲಾಗಿತ್ತು. ಉಗುರು ಓಡಿಸಿದರೆ ಟಕ್ ಅಂತ ಸಿಕ್ಕಿಕೊಳ್ಳುವ ಮೆಟ್ಟಿಲು, ಒಂದು ಮಿ.ಮೀ. ಇರಬೇಕು.

ಆಮೇಲೆ ಎಲ್ಲ ಒಂದಕ್ಕೊಂದು ಕೂಡಿಕೊಂಡಿತು. ಮ್ಯಾಗ್ನೆಟ್ಟನ್ನು ಬಿಗಿ ಹಿಡಿಯೋದು ಕೀ ಅಲ್ಲ, ಕ್ರ್ಯಾಂಕ್ ತುದಿಯ ಟೇಪರ್, ಅಂದರೆ ಮೊನೆ ಕಡೆಗೆ ಸಣ್ಣಗಾಗುವ ಭಾಗ. ನಟ್ ಸರಿಯಾದ ಬಲದಲ್ಲಿ ಒತ್ತಿದರೆ ಟೇಪರ್ ಕಚ್ಚಿಕೊಳ್ಳುತ್ತೆ, ಕೀ ಬರೀ ಜಾಗ ತೋರಿಸಲು ಇರೋದು. ನಾನು ಟಾರ್ಕ್ ರೆಂಚ್ ಬಳಸಿರಲಿಲ್ಲ, ಟೇಪರ್ ಮೇಲೆ ಎಣ್ಣೆ ಜಿಡ್ಡೂ ಇತ್ತು. ಆ ಕಿಕ್ ವಾಪಸ್ ಹೊಡೆದ ದಿನ ಕ್ರ್ಯಾಂಕ್ ತಟ್ಟನೆ ಹಿಂದಕ್ಕೆ ತಿರುಗಿತು, ಭಾರದ ಮ್ಯಾಗ್ನೆಟ್ ಮಾತ್ರ ಇದ್ದ ವೇಗದಲ್ಲಿ ಮುಂದಕ್ಕೇ ಹೋಯಿತು. ಕೀ ಅರ್ಧ ಕತ್ತರಿಸಿ ಹೋಯಿತು, ಮ್ಯಾಗ್ನೆಟ್ ಮುಂದೆ ಸರಿಯಿತು, ಟೈಮಿಂಗ್ ಏರಿತು, ಸಡಿಲ ಮ್ಯಾಗ್ನೆಟ್ ಸ್ಲೋನಲ್ಲಿ ಪ್ರತಿ ಹೊಡೆತಕ್ಕೂ ಬಡಿಯಲು ಶುರುವಾಯಿತು. ಕ್ಯಾಮ್ ಗುರುತು ವಾರೆ ಕಂಡದ್ದೂ ಇದಕ್ಕೇ, ಚೈನ್ ಚೆನ್ನಾಗೇ ಇತ್ತು.

ಟೇಪರ್ ಮೇಲೆ ಸಣ್ಣ ಗೀರು ಬಿದ್ದಿದ್ದವು ಅಷ್ಟೇ, ಇನ್ನೊಂದು ತಿಂಗಳು ಓಡಿಸಿದ್ದರೆ ಕ್ರ್ಯಾಂಕ್ ನಿಜವಾಗಿಯೂ ಹೋಗುತ್ತಿತ್ತು. ಕೀ ಇಲ್ಲದೆ, ವಾಲ್ವ್ ಗ್ರೈಂಡಿಂಗ್ ಪೇಸ್ಟ್ ಸವರಿ ಮ್ಯಾಗ್ನೆಟ್ಟನ್ನು ಆ ಕಡೆ ಈ ಕಡೆ ತಿರುಗಿಸುತ್ತಾ ಅರ್ಧ ಗಂಟೆ ಉಜ್ಜಿದೆವು. ಸುತ್ತಲೂ ಒಂದೇ ಥರ ಮಾಸಲು ಬೂದು ಬಣ್ಣ ಬರುವ ತನಕ. ಪೇಸ್ಟ್ ಒಂದು ಕಣವೂ ಉಳಿಯದ ಹಾಗೆ ಪೆಟ್ರೋಲ್‌ನಲ್ಲಿ ಮೂರು ಸಲ ತೊಳೆದು ಒಣಗಿಸಿ, ಹೊಸ ಕೀ ಹಾಕಿ, ಮ್ಯಾಗ್ನೆಟ್ ಹಿಡಿಯುವ ಟೂಲ್ ಹಾಕಿ ಮ್ಯಾನುಯಲ್‌ನಲ್ಲಿ ಹೇಳಿದ ಟಾರ್ಕ್‌ಗೆ ನಟ್ ಬಿಗಿ ಮಾಡಿದೆವು. ಕಬ್ಬಿಣದ ಚೂರು ಅರದಿಂದ ಉಜ್ಜಿ ಕೀ ಮಾಡಿಕೊಳ್ಳಲು ಹೋಗಬೇಡಿ, ಸರಿಯಾದದ್ದೇ ತನ್ನಿ. ಅದು ಬರಲು ನಾಲ್ಕು ದಿನ, ಬೆಲೆ ಒಂದು ಪ್ಲಗ್‌ಗಿಂತ ಕಡಿಮೆ. ಟೆನ್ಷನರ್, ಗ್ಯಾಸ್ಕೆಟ್ ಸೆಟ್, ಜೆಟ್‌ಗಳು, ಎರಡು ಪ್ಲಗ್, ಮೂರು ಸಲದ ಆಯಿಲ್, ಗ್ಯಾರೇಜ್‌ನ ಕೂಲಿ, ಇವೆಲ್ಲ ಸೇರಿಸಿದರೆ ಇನ್ನೊಂದು ಬೋರ್ ಕಿಟ್ ಬರುತ್ತಿತ್ತು.

ಹೊಸ ಕೀ ಹಾಕಿದ ಮೇಲೆ ಬೋಲ್ಟ್ ತುರುಕಿದ ಅದೇ ಹಳೇ ಪ್ಲಗ್ ಹಾಕಿ ಇನ್ನೊಮ್ಮೆ ಅಳೆದೆ. ಟಿ ಗುರುತು ಎರಡು ಗೆರೆಗಳ ನಡುವೆ. ಕ್ಯಾಮ್ ಗುರುತೂ ನೆಟ್ಟಗೆ. ಪಿಸ್ಟನ್ ಬದಲಿಸಿಲ್ಲ, ಅಂಚು ಒರಟಾಗಿದ್ದರೂ ರಿಂಗ್ ಕೂರುವ ಜಾಗ ಚೆನ್ನಾಗಿದೆ ಅಂದರು, ಸಾವಿರ ಕಿಲೋಮೀಟರ್ ಆದ ಮೇಲೆ ಬಿಚ್ಚಿ ನೋಡುತ್ತೇನೆ.

ಕಿಕ್ ಹೊಡೆಯುವಾಗ ಕಾಲು ನಡುಗುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಎರಡನೇ ಕಿಕ್‌ಗೆ ಹತ್ತಿಕೊಂಡಿತು. ಬಗ್ಗಿ ಸ್ಕ್ರೂಡ್ರೈವರ್ ಕಿವಿಗಿಟ್ಟು ಹತ್ತು ನಿಮಿಷ ಕೇಳಿದೆ. ಮ್ಯಾಗ್ನೆಟ್ ಕಡೆ ಬರೀ ಬೇರಿಂಗ್ ತಿರುಗುವ ಸೊಯ್ ಅನ್ನುವ ಸದ್ದು. ಅದೇ ಏರಿಗೆ ಹೋಗಿ ಟಾಪ್ ಗೇರ್‌ನಲ್ಲೇ ಎಳೆಸಿದೆ, ಗೋಲಿ ಡಬ್ಬಿ ಸುಮ್ಮನಿತ್ತು. ವಾಪಸ್ ಬಂದು ನಿಲ್ಲಿಸುವಾಗ ಮೇಲಿನಿಂದ ಸಣ್ಣಗೆ ಟಿಕ್ ಟಿಕ್ ಅಂದ ಹಾಗಾಯಿತು, ಎದೆ ಧಸಕ್ಕೆಂದಿತು. ಟಾರ್ಚ್ ಹಾಕಿ ನೋಡಿದರೆ ಸೈಲೆನ್ಸರ್ ಸೇರುವ ಕಡೆ ಮಸಿ ಗೆರೆ. ಹೆಡ್ ಹಾಕುವಾಗ ಸೈಲೆನ್ಸರ್ ಕಡೆಯ ಹಳೇ ಗ್ಯಾಸ್ಕೆಟ್ಟನ್ನೇ ವಾಪಸ್ ಹಾಕಿದ್ದೆ. ನೋಟ್‌ಬುಕ್‌ನಲ್ಲಿ ಅದನ್ನೂ ಬರೆದಿರಲಿಲ್ಲ.